ಗೆದ್ದರೆ ನಾವು, ಸೋತರೆ ಅವರು



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ನಮ್ಮ ಯುವ ಸದಸ್ಯರೊಬ್ಬರು ಎರಡು ಮಾತು ಬರೆದಿದ್ದರು. ಜೆರಾಕ್ಸ್ ಮಸುಕಾಗಿದ್ದರೂ ಮಾತು ಸ್ಪಷ್ಟವಾಗಿತ್ತು. ಒಂದು, ಆರ್.ಸಿ.ಬಿ.ಯನ್ನು ಬೆಂಬಲಿಸದವನು ಕನ್ನಡಿಗನೇ ಅಲ್ಲ. ಎರಡು, ರಾಜ್ಯೋತ್ಸವದ ಮಕ್ಕಳ ಮೆರವಣಿಗೆಗೆ ಎಲ್ಲ ಮಕ್ಕಳೂ ತಂಡದ ಕೆಂಪು ಜೆರ್ಸಿ ಹಾಕಿಕೊಂಡೇ ಬರಬೇಕು. ಎರಡನೆಯದನ್ನು ಮುಂದಿನ ಮಹಾಸಭೆಯ ಮುಂದಿಡಲು ಸಮಿತಿಯವರು ಒಪ್ಪಿದ್ದಾರೆಂದು ಕೇಳಿದೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಏಕೆಂದು ಹೇಳಲು ಸಂಪಾದಕರಿಂದ ಕಾಡಿ ಬೇಡಿ ಈ ಪುಟಗಳನ್ನು ಪಡೆದಿದ್ದೇನೆ.

ಆಟದ ಗಂಧವಿಲ್ಲದ ಮುದಿ ಡಾಕ್ಟರೆಂದು ನನ್ನನ್ನು ಬದಿಗೆ ಸರಿಸಬೇಡಿ. 2016ರ ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಾವು ಹೈದರಾಬಾದಿಗೆ 8 ರನ್ನಿನಿಂದ ಫೈನಲ್ ಸೋತ ರಾತ್ರಿ, ಸಾರಿಗೆ ಉಪ್ಪು ಸಾಲದೆಂದು ಮನೆಯಾಕೆಯ ಮೇಲೆ ರೇಗಿ ಊಟ ಬಿಟ್ಟು ಎದ್ದವನು ನಾನು. ಉಪ್ಪು ಸರಿಯಾಗಿಯೇ ಇತ್ತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, ಹದಿನೆಂಟನೆಯ ವರ್ಷದಲ್ಲಿ ಕಪ್ ನಮ್ಮದಾದಾಗ ಇಲ್ಲಿ ರಾತ್ರಿ ಒಂಬತ್ತರ ಸುಮಾರು. ಅಸ್ಕರಿನ ನನ್ನ ಮನೆಯಲ್ಲಿ ಐವತ್ತು ದಾಟಿದ ಗಂಡಸೊಬ್ಬ ಟವೆಲಿನಿಂದ ಕಣ್ಣೊರೆಸಿಕೊಂಡದ್ದಕ್ಕೆ ನನ್ನ ಮಗಳೇ ಸಾಕ್ಷಿ.

ನೋಡಿ, 'ನಾವು ಸೋತೆವು', 'ಕಪ್ ನಮ್ಮದಾಯಿತು' ಎಂದೇ ಬರೆದಿದ್ದೇನೆ. ಒಂದು ಚೆಂಡನ್ನೂ ಎಸೆದವನಲ್ಲ ನಾನು. ಈ 'ನಾವು' ಎಲ್ಲಿಂದ ಬಂತು ಎಂಬುದೇ ನನ್ನ ವಿಷಯ.

1996ರ ಮಾರ್ಚ್ 9 ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬೆಂಗಳೂರಿನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಆಮೀರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟು ತೋರಿಸಿ ಕೆಣಕಿದ್ದು, ಮರು ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ವಿಕೆಟ್ ಕಿತ್ತದ್ದು. ನಾನಾಗ ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ. ಡ್ಯೂಟಿ ರೂಮಿನಲ್ಲಿ ಕಾಂಪೌಂಡರನ್ನು ಎತ್ತಿ ಕುಣಿಸಿದ್ದೆವು. ನಾಲ್ಕೇ ದಿನ. ಮಾರ್ಚ್ 13ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ 120ಕ್ಕೆ 8 ವಿಕೆಟ್ ಬಿದ್ದಾಗ ಜನ ಬಾಟಲಿ ಎಸೆದು, ಗ್ಯಾಲರಿಗೆ ಬೆಂಕಿ ಇಟ್ಟು, ಆಟವೇ ನಿಂತು ಶ್ರೀಲಂಕೆ ಗೆದ್ದಿತೆಂದು ಘೋಷಿಸಬೇಕಾಯಿತು. ಒಂಬತ್ತನೇ ತಾರೀಕು 'ನಾವು ಬಡಿದೆವು' ಎಂದ ಅದೇ ಕಾಂಪೌಂಡರ್ ಹದಿಮೂರಕ್ಕೆ ಹೇಳಿದ್ದು, 'ಮಾನಗೆಟ್ಟವರು, ಸೋತುಬಿಟ್ಟರು ಸಾರ್.' ನಾಲ್ಕು ದಿನದಲ್ಲಿ ಸರ್ವನಾಮವೇ ಬದಲಾಗಿತ್ತು!

ಇದು ನಮ್ಮೂರ ಕಾಂಪೌಂಡರನೊಬ್ಬನ ಚಪಲವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದರು. ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಸೋಮವಾರ ಯಾರು ಕಾಲೇಜಿನ ಹೆಸರಿರುವ ಅಂಗಿ ತೊಟ್ಟಿದ್ದಾರೆಂದು ಎಣಿಸಿದರು. ಹಿಂದಿನ ಶನಿವಾರ ಕಾಲೇಜಿನ ಫುಟ್ಬಾಲ್ ತಂಡ ಗೆದ್ದಿದ್ದರೆ ಅಂಗಿಗಳು ಹೆಚ್ಚು, ಸೋತಿದ್ದರೆ ಕಡಿಮೆ. ಆಮೇಲೆ ಫೋನು ಮಾಡಿ ಆಟದ ಬಗ್ಗೆ ಕೇಳಿದರು. ಗೆದ್ದ ಆಟಕ್ಕೆ 'ನಾವು' ಹೆಚ್ಚು ಬಂತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಗಮನಿಸಿ. ಫೋನಿನಲ್ಲಿ ಮೊದಲು ಒಂದು ಪುಟ್ಟ ಪರೀಕ್ಷೆ ಮಾಡಿ, ಕೆಲವರಿಗೆ 'ನಿಮ್ಮದು ಚೆನ್ನಾಗಿ ಆಯಿತು' ಎಂದೂ ಕೆಲವರಿಗೆ 'ನಿಮ್ಮದು ಬಹಳ ಕಳಪೆ' ಎಂದೂ ಹೇಳಿದ್ದರು. ಕಳಪೆ ಎನಿಸಿಕೊಂಡವರೇ ಗೆದ್ದ ತಂಡವನ್ನು 'ನಾವು' ಎಂದು ಅಪ್ಪಿಕೊಂಡದ್ದು ಹೆಚ್ಚು.

ಇದನ್ನು ಓದಿದಾಗ ನನಗೆ ಅಮೆರಿಕದ ಕಾಲೇಜು ಕಣ್ಣಿಗೆ ಬರಲಿಲ್ಲ. ಅಸ್ಕರಿನ ಸಂಜೆ ಬಂತು. ಅಲ್ಬಾ ಕಾರ್ಖಾನೆಯ ಆಚೀಚೆಯ ಕ್ಯಾಂಪುಗಳಲ್ಲಿ ಮಲಗುವ ನಮ್ಮ ಹುಡುಗರು ಕಣ್ಣಿಗೆ ಬಂದರು. ಬೆಳಿಗ್ಗೆ ಮೇಸ್ತ್ರಿಯಿಂದ ಬೈಸಿಕೊಂಡು, ಬಿಸಿಲಲ್ಲಿ ಬೆಂದು, ಊರಿಗೆ ಫೋನು ಮಾಡಿದರೆ ಅಲ್ಲಿ ತಮ್ಮನ ಫೀಸು, ಅಪ್ಪನ ಸಾಲ. ದಿನವೆಲ್ಲ 'ನಿನ್ನದು ಸಾಲದು' ಎಂದು ಕೇಳಿಸಿಕೊಂಡವನಿಗೆ ರಾತ್ರಿ ಒಂದು ಗೆಲುವು ಬೇಕು. ಆ ಗೆಲುವಿಗೆ ಊರಿನ ಹೆಸರು ಇರಬೇಕು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನೂ ಅಷ್ಟೇ. ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಹೋದ ಮೊದಲ ಚಳಿಗಾಲದಲ್ಲಿ ನನ್ನ ಇಂಗ್ಲಿಷನ್ನು ರೋಗಿಗಳು ಎರಡೆರಡು ಸಲ ಕೇಳುತ್ತಿದ್ದರು. ಆ ಊರಿನ ಫುಟ್ಬಾಲ್ ತಂಡದ ಟೋಪಿ ಕೊಂಡು ಹಾಕಿಕೊಂಡೆ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಸೋಮವಾರ ವಾರ್ಡಿನಲ್ಲಿ 'ನಾವು ಗೆದ್ದೆವು' ಎಂದೆ, ನರ್ಸುಗಳು ನಕ್ಕು ಕಾಫಿ ಕೊಟ್ಟರು. ಆ ದಿನದಿಂದ ನನ್ನ ಇಂಗ್ಲಿಷು ಅವರಿಗೆ ಅರ್ಥವಾಗತೊಡಗಿತು.

ಈ 'ನಾವು' ಸುಳ್ಳಲ್ಲ. ಅದು ಮೈಯೊಳಗೆ ಇಳಿಯುತ್ತದೆ. 1994ರ ವಿಶ್ವಕಪ್ ಫುಟ್ಬಾಲ್ ಫೈನಲಿನಲ್ಲಿ ಬ್ರೆಜಿಲ್, ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿತಲ್ಲ, ಆಗ ಟಿ.ವಿ. ನೋಡುತ್ತಿದ್ದ ಎರಡೂ ಕಡೆಯ ಅಭಿಮಾನಿಗಳ ಜೊಲ್ಲನ್ನು ಪರೀಕ್ಷಿಸಿದವರಿದ್ದಾರೆ. ಗೆದ್ದವರಲ್ಲಿ ಟೆಸ್ಟೊಸ್ಟೆರೋನ್ ಏರಿತ್ತು, ಸೋತವರಲ್ಲಿ ಇಳಿದಿತ್ತು. ಸೋಫಾದ ಮೇಲೆ ಕುಳಿತೇ! ಇನ್ನು ಹೃದಯ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ನಡೆದಾಗ ಮ್ಯೂನಿಕ್ ಪ್ರದೇಶದ ತುರ್ತು ವೈದ್ಯರು ಇಟ್ಟ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟು. ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ ಸುಮಾರು ನಾಲ್ಕು ಪಟ್ಟು. ಆಟ ಶುರುವಾದ ಮೊದಲ ಎರಡು ಗಂಟೆಯಲ್ಲೇ ಅತಿ ಹೆಚ್ಚು. ಅರ್ಜೆಂಟೀನದ ಮೇಲೆ ಪೆನಾಲ್ಟಿಯಲ್ಲಿ ಜರ್ಮನಿ ಗೆದ್ದಿತು, ಆ ದಿನವೂ ಆಂಬುಲೆನ್ಸು ಓಡಿದ್ದು ಓಡಿದ್ದೇ. 1998ರ ಜೂನ್ 30ರಂದು ಇಂಗ್ಲೆಂಡ್ ಅದೇ ಅರ್ಜೆಂಟೀನಕ್ಕೆ ಪೆನಾಲ್ಟಿಯಲ್ಲಿ ಸೋತಾಗ, ಅಂದು ಮತ್ತು ಮುಂದಿನ ಎರಡು ದಿನ ಹೃದಯಾಘಾತದಿಂದ ಆಸ್ಪತ್ರೆ ಸೇರಿದವರು ಶೇಕಡಾ 25ರಷ್ಟು ಹೆಚ್ಚು.

ಅಂಕಿ ಅಂಶ ಬೇಡವೆನ್ನುವವರಿಗೆ ನಮ್ಮದೇ ಒಂದು ಕಥೆ. ಆ ಬಂಧುವಿನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಸ್ಟೆಂಟ್ ಹಾಕಿಸಿಕೊಂಡು ವರ್ಷ ತುಂಬಿರಲಿಲ್ಲ. ಒಂದು ರಾತ್ರಿ ಮಾತ್ರೆ ನುಂಗಲು ಮರೆತರು, ತಂಡ ಗೆದ್ದಿತು. ಮರುಮ್ಯಾಚಿಗೆ ನೆನಪಿಟ್ಟು ನುಂಗಿದರು, ಸೋತಿತು. ಸರಿ, ಅಲ್ಲಿಂದ ಮ್ಯಾಚಿನ ರಾತ್ರಿ ಮಾತ್ರೆ ಬಂದ್. ಎದೆನೋವೆಂದು ನನ್ನ ಮುಂದೆ ಕುಳಿತಾಗ, ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ತಿಂಗಳಲ್ಲಿ ಏಳು ದಿನ ಬಿಟ್ಟಿದ್ದರು. ಈ ಮಾತ್ರೆ ಬಿಟ್ಟರೆ ಸ್ಟೆಂಟ್ ಮುಚ್ಚಿಕೊಳ್ಳಬಹುದೆಂದು ಹೇಳಿದೆ. 'ಗೊತ್ತು ಡಾಕ್ಟ್ರೇ, ಆದ್ರೆ ಪ್ಲೇ-ಆಫ್ ಇತ್ತಲ್ಲ' ಎಂದರು. ಇವರು ಇಂಜಿನಿಯರು. ಪುಣ್ಯಕ್ಕೆ ಬದುಕಿದ್ದಾರೆ, ಈ ಪುಟವನ್ನೂ ಓದುತ್ತಿದ್ದಾರೆ. ಮಾತ್ರೆ ತೆಗೆದುಕೊಂಡಿರಾ?

ಮಹಿಳಾ ಸದಸ್ಯೆಯರಿಗೂ ಒಂದು ಮಾತು, ಅವರ ಗಂಡಂದಿರಿಗೆ ಎರಡು. ಅಮೆರಿಕದ ಅರ್ಥಶಾಸ್ತ್ರಜ್ಞರಿಬ್ಬರು 2011ರಲ್ಲಿ ಪೊಲೀಸ್ ದಾಖಲೆಗಳನ್ನು ಜಾಲಾಡಿ ತೋರಿಸಿದ್ದೇನೆಂದರೆ, ಗೆಲ್ಲಲೇಬೇಕೆಂದಿದ್ದ ಊರ ತಂಡ ಅನಿರೀಕ್ಷಿತವಾಗಿ ಸೋತ ದಿನ ಮನೆಯೊಳಗೆ ಗಂಡಸರು ಹೆಂಗಸರ ಮೇಲೆ ಕೈಮಾಡಿದ ದೂರುಗಳು ಶೇಕಡಾ 10ರಷ್ಟು ಏರುತ್ತವೆ. ನನ್ನ ಮನೆಯ ಸಾರಿನ ಉಪ್ಪು ಇದರ ಮುಂದೆ ಸಣ್ಣದು. ಬೇರು ಮಾತ್ರ ಒಂದೇ.

ಈಗ ಕಳೆದ ಸಂಚಿಕೆಯ ಮೊದಲ ಮಾತಿಗೆ ಬರುತ್ತೇನೆ: ಬೆಂಬಲಿಸದವನು ಕನ್ನಡಿಗನಲ್ಲ.

ನಮ್ಮ ದೊಡ್ಡ ಪರದೆಯ ರಾತ್ರಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಚೆನ್ನೈನ ಹಳದಿ ಅಂಗಿ ಹಾಕಿಕೊಂಡು ಬಂದಿದ್ದ. ತಂದೆ ಹಾಸನ ಕಡೆಯವರು, ತಾಯಿ ಕೊಯಮತ್ತೂರಿನವರು. ಹುಡುಗ ಹುಟ್ಟಿದ್ದು ಬಹರೈನಿನಲ್ಲಿ. ಕನ್ನಡ ತರಗತಿಗೆ ತಪ್ಪದೆ ಬರುವ ನಾಲ್ಕೈದು ಮಕ್ಕಳಲ್ಲಿ ಇವನೂ ಒಬ್ಬ. ಒತ್ತಕ್ಷರ ತಪ್ಪಿಲ್ಲದೆ ಬರೆಯುತ್ತಾನೆ. ಅವನನ್ನು ನಮ್ಮ ದೊಡ್ಡವರೇ 'ದ್ರೋಹಿ ಬಂದ' ಎಂದರು. ತಮಾಷೆಗೇ ಅಂದದ್ದು, ಒಪ್ಪಿದೆ. ಎರಡನೆಯ ಸಲವೂ ತಮಾಷೆ. ಆಮೇಲೆ ಮಕ್ಕಳು ಅದನ್ನೇ ಹಿಡಿದುಕೊಂಡವು. ಅಂಗಿ ಬಿಚ್ಚು ಎಂದವು, ಹುಡುಗ ಆಟ ಮುಗಿಯುವವರೆಗೆ ಹೊರಗೆ ಕಾರಿನ ಹತ್ತಿರ ನಿಂತಿದ್ದ. ಮುಂದಿನ ಮೂರು ಶುಕ್ರವಾರ, ಸಂಘಕ್ಕೆ ಹೊರಡುವ ಹೊತ್ತಿಗೆ ಅವನಿಗೆ ಹೊಟ್ಟೆನೋವು. ತಾಯಿ ನನ್ನ ಹತ್ತಿರ ಕರೆತಂದರು. ಹೊಟ್ಟೆ ಒತ್ತಿ ನೋಡಿದೆ, ರಕ್ತ ಪರೀಕ್ಷೆ ಮಾಡಿಸಿದೆ, ಏನೂ ಇರಲಿಲ್ಲ. ನೋವು ಮಾತ್ರ ನಿಜವಾಗಿತ್ತು. ಆ ರಾತ್ರಿ ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. 'ದ್ರೋಹಿ' ಎಂದಾಗ ನಾನೂ ನಕ್ಕಿದ್ದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮಕ್ಕಳಿಗೆ ಇಂಥದ್ದನ್ನು ಕಲಿಸಲು ಎಷ್ಟು ಹೊತ್ತು ಬೇಕು? ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಪೋಲೆಂಡಿನ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬದುಕಿ ಬಂದವರು. ಹಿಂದಿರುಗಿದಾಗ ಅವರ ಕುಟುಂಬದವರು ಉಳಿದಿರಲಿಲ್ಲ. ಮನುಷ್ಯರು 'ನಮ್ಮವರು, ಪರರು' ಎಂದು ಒಡೆಯುವುದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಹದಿನಾಲ್ಕು ಹದಿನೈದರ ಶಾಲಾ ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರ ತೋರಿಸಿ, ಯಾರ ಚಿತ್ರ ಇಷ್ಟವೆಂದು ಕೇಳಿ, ಆ ನೆಪದಲ್ಲಿ ಎರಡು ಗುಂಪು ಮಾಡಿದರು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಪುಡಿಗಾಸು ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ತಮ್ಮವರಿಗೆ ಬರುವ ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಆ ಗುಂಪಿಗಿಂತ ಹೆಚ್ಚಿರಬೇಕು ಎನ್ನುವಂತೆಯೂ ಹಂಚಿದರು. ಅಷ್ಟಕ್ಕೆ ಅಷ್ಟು ಸಾಕಾದರೆ, ಕೆಂಪು ಅಂಗಿ, ಡೋಲು, ಸ್ಪೀಕರು ಮತ್ತು ಅಪ್ಪಂದಿರ ಚಪ್ಪಾಳೆ ಸೇರಿದರೆ ಏನಾಗುತ್ತದೆ, ನೀವೇ ಯೋಚಿಸಿ.

ತಂಡದ ಲೆಕ್ಕವನ್ನೂ ಮಾಡೋಣ. 2025ರ ಫೈನಲಿನಲ್ಲಿ ಆಡಿದ ಆರ್.ಸಿ.ಬಿ. ತಂಡದಲ್ಲಿ ಕರ್ನಾಟಕದ ಆಟಗಾರ ಒಬ್ಬರೇ, ಮಯಾಂಕ್ ಅಗರ್ವಾಲ್. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ನಾಯಕ ರಜತ್ ಪಾಟೀದಾರ್ ಇಂದೋರಿನವರು. ಎದುರಾಳಿ ಪಂಜಾಬಿನ ತಂಡದಲ್ಲಿ ಬೆಂಗಳೂರಿನ ವೈಶಾಖ್ ವಿಜಯಕುಮಾರ್ ಇದ್ದರು. ಇದೇ ಮಯಾಂಕ್, ಅದೇ ವರ್ಷದ ಜನವರಿ 18ರಂದು, ಕರ್ನಾಟಕ ತಂಡದ ನಾಯಕನಾಗಿ ವಡೋದರದಲ್ಲಿ ವಿದರ್ಭವನ್ನು 36 ರನ್ನಿನಿಂದ ಸೋಲಿಸಿ ವಿಜಯ್ ಹಜಾರೆ ಕಪ್ ಎತ್ತಿದರು. ಐದನೆಯ ಸಲ! ಶತಕ ಹೊಡೆದವನು ನಮ್ಮ ಸ್ಮರಣ್. ಸೋತ ವಿದರ್ಭದ ನಾಯಕ ನಮ್ಮವರೇ ಆದ ಕರುಣ್ ನಾಯರ್. ಅಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಸಂದೇಶ ಬಂದವು? ನಾನು ಹಿಂದಕ್ಕೆ ಹೋಗಿ ಹುಡುಕಿದೆ. ಒಂದು ಶುಭೋದಯ, ಒಂದು ಫ್ಲಾಟ್ ಬಾಡಿಗೆಗಿದೆ ಎಂಬ ಪ್ರಕಟಣೆ.

ಇನ್ನು 2025ರ ಏಪ್ರಿಲ್ 10. ಚಿನ್ನಸ್ವಾಮಿಯಲ್ಲಿ ಆರ್.ಸಿ.ಬಿ.ಯನ್ನು ಸೋಲಿಸಿದ್ದು ಡೆಲ್ಲಿಗೆ ಆಡಿದ ಕೆ.ಎಲ್. ರಾಹುಲ್, ಔಟಾಗದೆ 93. ಮಂಗಳೂರಿನಲ್ಲಿ ಬೆಳೆದ ಹುಡುಗ. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಬರೆದು, ಕಾಂತಾರದ ರೀತಿ, ಇದು ನನ್ನ ಜಾಗವೆಂದು ತೋರಿಸಿದ. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ದಕ್ಷಿಣ ಕನ್ನಡ, ಉಡುಪಿಯವರು. ಅಂದು ಅವರ ಫಜೀತಿ ಹೇಳತೀರದು. ಕೈ ಚಪ್ಪಾಳೆಗೆ ಏಳುತ್ತದೆ, ಅಂಗಿ ಕೆಂಪು. ನಮ್ಮ ಲೇಖಕ ಮಹಾಶಯರ ಕಾಯಿದೆಯ ಪ್ರಕಾರ ಆ ರಾತ್ರಿ ಚಿನ್ನಸ್ವಾಮಿಯಲ್ಲಿ ಕನ್ನಡಿಗನಲ್ಲದವನು ಯಾರು? ರಾಹುಲನೇ?

ತಂಡವನ್ನು ಪ್ರೀತಿಸಬೇಡಿ ಎನ್ನುತ್ತಿಲ್ಲ. ಕೊಹ್ಲಿ ದೆಹಲಿಯವರಾದರೂ ನಮ್ಮವರೆಂದು ಹದಿನೆಂಟು ವರ್ಷ ಹೊತ್ತು ಮೆರೆಸಿದ ಜನ ನಾವು. ಅದು ದೊಡ್ಡ ಮನಸ್ಸು. ಆದರೆ ದೆಹಲಿಯವರಿಗೆ ತೆರೆದ ಬಾಗಿಲು ಹಾಸನದವರ ಮಗನಿಗೆ ಮುಚ್ಚುವುದು ಯಾವ ನ್ಯಾಯ? ಈ ತಂಡ ನಾಡಿನ ಆಸ್ತಿಯಾಗಿ ಹುಟ್ಟಿದ್ದೂ ಅಲ್ಲ. 2008ರಲ್ಲಿ ಮದ್ಯದ ಉದ್ಯಮಿ 11 ಕೋಟಿ 16 ಲಕ್ಷ ಡಾಲರಿಗೆ ಹರಾಜಿನಲ್ಲಿ ಕೊಂಡು, ತನ್ನ ವಿಸ್ಕಿಯ ಹೆಸರನ್ನೇ ಇಟ್ಟ. ಅದಕ್ಕೆ ನಾಡಿನ ಭಾವ ತುಂಬಿದವರು ನಾವು. ನಮ್ಮ ಈ 'ನಾವು' ಅವರ ಬಂಡವಾಳ.

ಆ ಬಂಡವಾಳವನ್ನು ಜೋಪಾನ ಮಾಡಿದರೇ? 2025ರ ಜೂನ್ 4, ಗೆದ್ದ ಮರುದಿನ. ಸುಮಾರು ಮೂವತ್ತೈದು ಸಾವಿರ ಹಿಡಿಸುವ ಕ್ರೀಡಾಂಗಣದ ಹೊರಗೆ ಲಕ್ಷಗಟ್ಟಲೆ ಜನ. ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಇಪ್ಪತ್ತರ ಆಸುಪಾಸು, ಒಬ್ಬಳಂತೂ ಶಾಲಾ ಬಾಲಕಿ. ಹೊರಗೆ ಹೆಣ ಬಿದ್ದಿದ್ದಾಗ ಒಳಗೆ ಸಂಭ್ರಮ ನಡೆದಿತ್ತು.

ಪತ್ರಿಕೆಗಳೆಲ್ಲ 'ಕಾಲ್ತುಳಿತ' ಎಂದು ಬರೆದವು. ವೈದ್ಯನಾಗಿ ಆ ಪದಕ್ಕೆ ನನ್ನ ತಕರಾರಿದೆ. ಇಂಥ ಸಂದಣಿಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದ ಅಲ್ಲ. ಉಸಿರೆಳೆಯಬೇಕಾದರೆ ಪಕ್ಕೆಲುಬು ಅರಳಬೇಕು, ವಪೆ ಕೆಳಗಿಳಿಯಬೇಕು. ಒಂದು ಚದರ ಮೀಟರಿನಲ್ಲಿ ಆರೇಳು ಜನ ತುಂಬಿದರೆ ಜನರ ಗುಂಪು ನೀರಿನಂತೆ ತೂಗಾಡುತ್ತದೆ, ಯಾರ ಕಾಲೂ ಅವರವರ ಮಾತು ಕೇಳುವುದಿಲ್ಲ. ಎದೆ ನಾಲ್ಕೂ ಕಡೆಯಿಂದ ಅದುಮಿದರೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಹಿಂದಿನವರಿಗೆ ಮುಂದೇನಾಗಿದೆ ಎಂಬುದೇ ಗೊತ್ತಿರುವುದಿಲ್ಲ. 'ತುಳಿತ' ಎಂದರೆ ಯಾರೋ ಹುಚ್ಚೆದ್ದು ತುಳಿದರೆಂಬ ಅರ್ಥ ಬರುತ್ತದೆ, ತಪ್ಪು ಅಭಿಮಾನಿಯ ತಲೆಗೆ ಬರುತ್ತದೆ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತದಲ್ಲಿ ಹೀಗೆಯೇ ಆಯಿತು. 97 ಜೀವ ಹೋದವು, ದೂಷಣೆ ಬಂದದ್ದು ಅಭಿಮಾನಿಗಳ ಮೇಲೆ. ಅವರ ತಪ್ಪಿಲ್ಲವೆಂದು ತನಿಖಾ ಜ್ಯೂರಿ ಹೇಳಲು 2016 ಆಗಬೇಕಾಯಿತು.

ಮನಶ್ಶಾಸ್ತ್ರದ ಒಂದು ವಿಚಾರ ಇಲ್ಲಿ ಬಹಳ ಮುಖ್ಯ. ಸುತ್ತಲಿನವರು 'ನಮ್ಮವರು' ಎನಿಸಿದಾಗ ನಮಗೆ ಇಕ್ಕಟ್ಟು ಇಕ್ಕಟ್ಟೆನಿಸುವುದಿಲ್ಲ. ಬಸ್ಸಿನಲ್ಲಿ ಅಪರಿಚಿತ ಮೈಗೆ ತಾಗಿದರೆ ಸಿಡುಕುವವನು ಜಾತ್ರೆಯ ತೇರಿನ ಮುಂದೆ ನೂರು ಜನರ ಬೆವರಿನಲ್ಲಿ ಸುಖವಾಗಿರುತ್ತಾನೆ. ಹಾಗಾಗಿ ಸಂತೋಷದ ಗುಂಪಿಗೆ ಅಪಾಯ ತಡವಾಗಿ ತಿಳಿಯುತ್ತದೆ. ಇದು ಅವರ ಮೂರ್ಖತನವಲ್ಲ, ಪ್ರೀತಿಯ ಗುಣ. ಅದನ್ನು ತಿಳಿದು ಬಾಗಿಲು, ಬೇಲಿ, ಸಮಯ, ಸಂಖ್ಯೆ ನೋಡಿಕೊಳ್ಳಬೇಕಾದವರು ಕರೆದವರು. ಅಂದು 'ಬನ್ನಿ' ಎಂದವರಿಗೆ ಎಷ್ಟು ಜನ ಬಂದಾರೆಂಬ ಅಂದಾಜಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಹದಿನೆಂಟು ವರ್ಷ ಅದೇ ಸಂಖ್ಯೆಯನ್ನು ತೋರಿಸಿ ಜಾಹೀರಾತು ಮಾರಿದವರು ಅವರು.

ಇದೆಲ್ಲ ಬೆಂಗಳೂರಿನ ಮಾತು, ನಮಗೇನು ಎನ್ನಬಹುದು. ನಾವೂ ಕರೆಯುವವರೇ. ನಮ್ಮ ಸಭಾಂಗಣಕ್ಕೆ ಒಂದೇ ದೊಡ್ಡ ಬಾಗಿಲು. ಜೂನ್ 3ರಂದು ನಮ್ಮ ಹುಡುಗರು ಅದರ ಮುಂದೆಯೇ ಸ್ಪೀಕರು ಇಟ್ಟಿದ್ದರು, ಪಕ್ಕದ ಬಾಗಿಲಿಗೆ ಕುರ್ಚಿ ಪೇರಿಸಿದ್ದರು. ಏನೂ ಆಗಲಿಲ್ಲ. ಮಾರನೆಯ ದಿನ ಸುದ್ದಿ ನೋಡುತ್ತಾ ಆ ಕುರ್ಚಿಗಳು ನನಗೆ ನೆನಪಾದವು.

ಮೆರವಣಿಗೆಯ ಜೆರ್ಸಿ ಬಗ್ಗೆ ಕೊನೆಯದಾಗಿ. ಈ ದ್ವೀಪದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ 'ನಾವು' ಒಂದೇ ಅಲ್ಲ. 2019ರಲ್ಲಿ ಬಹರೈನ್ ಮೊದಲ ಸಲ ಗಲ್ಫ್ ಕಪ್ ಗೆದ್ದಾಗಲೂ, 2025ರ ಜನವರಿಯಲ್ಲಿ ಕುವೈತಿನಲ್ಲಿ ಒಮಾನನ್ನು 2-1ರಿಂದ ಸೋಲಿಸಿ ಮತ್ತೆ ಗೆದ್ದಾಗಲೂ, ಅಸ್ಕರಿನ ರಸ್ತೆಯಲ್ಲಿ ಹಾರ್ನ್ ಬಾರಿಸುತ್ತ ಹೋದ ಕಾರುಗಳಲ್ಲಿ ನಮ್ಮ ಮಕ್ಕಳೂ ಇದ್ದರು, ಅವರ ಬಾಯಲ್ಲೂ 'ನಾವು ಗೆದ್ದೆವು'. ಯಾರೂ ಅವರ ಕನ್ನಡವನ್ನು ಪ್ರಶ್ನಿಸಲಿಲ್ಲ. ಮಕ್ಕಳ ಎದೆಯಲ್ಲಿ ಜಾಗ ಸಾಕಷ್ಟಿದೆ, ಬಾಡಿಗೆ ಕೇಳುತ್ತಿರುವವರು ನಾವು. ರಾಜ್ಯೋತ್ಸವಕ್ಕೆ ಬಣ್ಣವೇ ಬೇಕಾದರೆ ನಮ್ಮ ಬಾವುಟ ಇದೆಯಲ್ಲ. ಅದರ ಕೆಳಗಿನ ಅರ್ಧ ಕೆಂಪು. ಮೇಲಿನ ಅರ್ಧ, ಸ್ವಾಮಿ, ಹಳದಿ.

ಮಹಾಸಭೆಯಲ್ಲಿ ಜೆರ್ಸಿಯ ನಿರ್ಣಯಕ್ಕೆ ವಿರುದ್ಧ ಕೈ ಎತ್ತುತ್ತೇನೆ. ಒಬ್ಬನೇ ಆದರೂ ಎತ್ತುತ್ತೇನೆ. ಮುಂದಿನ ದೊಡ್ಡ ಪರದೆಯ ರಾತ್ರಿಗೂ ಬರುತ್ತೇನೆ, ಕೆಂಪು ಅಂಗಿಯಲ್ಲೇ. ಹಿಂದಿನ ಸಾಲಿನಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡು ಕೂರುತ್ತೇನೆ, ಪಕ್ಕದ ಬಾಗಿಲ ಕುರ್ಚಿಗಳನ್ನು ಮೊದಲೇ ತೆಗೆಸಿರುತ್ತೇನೆ. ರಾತ್ರಿಯ ಮಾತ್ರೆ ಇರುವವರು ಜೇಬಿನಲ್ಲಿ ತನ್ನಿ, ಇನ್ನಿಂಗ್ಸ್ ಮಧ್ಯೆ ನನ್ನೆದುರೇ ನುಂಗಬೇಕು. ನನ್ನ ಎಡಗಡೆಯ ಕುರ್ಚಿ ಹಳದಿ ಅಂಗಿಯ ಹುಡುಗನಿಗೆ ಹಿಡಿದಿಟ್ಟದ್ದು, ದಯವಿಟ್ಟು ಯಾರೂ ಕೂರಬೇಡಿ. ಅವನ ತಂಡ ಸೋತರೆ ನಾನು ಅವನನ್ನು ಚೆನ್ನಾಗಿ ಆಡಿಕೊಳ್ಳುತ್ತೇನೆ. ನಮ್ಮದು ಸೋತರೆ ಅವನ ಸರದಿ. ಹಾಗೆಂದು ಇಬ್ಬರೂ ಈಗಾಗಲೇ ಮಾತಾಡಿಕೊಂಡಿದ್ದೇವೆ.

ನಿಮ್ಮವ,
ಅಸ್ಕರಿನ ಡಾಕ್ಟರು